ಐವತ್ತನಾಲ್ಕರಲ್ಲಿ ಎಂ.ಎ.



2022ರಿಂದ 2024ರವರೆಗೆ ಈ ಅಂಕಣ ಆಗೊಮ್ಮೆ ಈಗೊಮ್ಮೆ ತಪ್ಪಿದ್ದನ್ನು ನಿಮ್ಮಲ್ಲಿ ಹಲವರು ಗಮನಿಸಿದ್ದೀರಿ. ಸಂಘದ ಕಾರ್ಯಕ್ರಮಗಳಲ್ಲಿ ಎದುರಿಗೆ ಸಿಕ್ಕಾಗ, "ಏನ್ರಿ ವೈನಿ, ಅಂಕಣ ಎಲ್ಲಿ? ಮೊಮ್ಮಗನ್ನ ನೋಡ್ಕೊಳ್ಳಾಕ ಪುಣೆಗೆ ಹೋಗಿದ್ರೇನು?" ಎಂದು ಕೇಳಿದವರೂ ಉಂಟು. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಇಂದು ಹೇಳಿಬಿಡುತ್ತೇನೆ. ಮೊಮ್ಮಗ ಇನ್ನೂ ಬಂದಿಲ್ಲ. ನಾನು ಕಾಲೇಜಿಗೆ ಹೋಗಿದ್ದೆ! ಛತ್ರಪತಿ ಸಂಭಾಜಿನಗರದ ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ. ಓದಿ ಮುಗಿಸಿದ್ದೇನೆ. ಸೇರುವಾಗ ನನಗೆ 54 ವರ್ಷ.

ಶಾಲು-ಹಾರದ ಆಸೆಯಿಂದ ಇದನ್ನು ಬರೆಯುತ್ತಿಲ್ಲ. ಈ ಎರಡು ವರ್ಷಗಳಲ್ಲಿ ನಾನು ಕಲಿತದ್ದಕ್ಕೂ ನಮ್ಮ ಸಂಘಕ್ಕೂ ಸಂಬಂಧವಿದೆ. ನಿಮ್ಮೆದುರು ಒಪ್ಪಿಕೊಳ್ಳಬೇಕಾದ ನನ್ನದೊಂದು ತಪ್ಪೂ ಇದೆ. ಅದಕ್ಕಾಗಿ ಈ ಬರಹ.

ಮೊದಲು ಸ್ವಲ್ಪ ಹಿಂದಿನ ಕಥೆ. ನನ್ನ ತವರು ಧಾರವಾಡ. 1988ರಲ್ಲಿ, ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ಮದುವೆಯಾಯಿತು. ನಮ್ಮವರು ಓಝರ್‌ನ ಎಚ್.ಎ.ಎಲ್. ಕಾರ್ಖಾನೆಯಲ್ಲಿದ್ದರು. 1964ರಲ್ಲಿ ಮಿಗ್ ವಿಮಾನಗಳಿಗಾಗಿ ಶುರುವಾದ ಈ ಕಾರ್ಖಾನೆಗೂ ಬೆಂಗಳೂರಿಗೂ ಇರುವ ನಂಟು ನಿಮಗೆಲ್ಲ ಗೊತ್ತೇ ಇದೆ. ನಮ್ಮಲ್ಲಿ ಅನೇಕರು ಆ ನಂಟಿನಿಂದಲೇ ಈ ಕಡೆ ಬಂದವರು. ನಾನು ಪುಸ್ತಕಗಳನ್ನು ಟ್ರಂಕಿನಲ್ಲಿಟ್ಟು ಬಂದೆ. "ಮುಂದ ಓದಿದ್ರಾತು ಬಿಡು" ಎಂದರು ನಮ್ಮಪ್ಪ. ಆ 'ಮುಂದ' ಎಂಬುದು ಯಾವಾಗ ಬರುತ್ತದೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅದೃಷ್ಟವೆಂದರೆ, ನಾನು ಬಂದ ಮರುವರ್ಷ, 1989ರಲ್ಲಿ, ನಾಸಿಕದಲ್ಲಿ ಯಶವಂತರಾವ್ ಚವ್ಹಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಗಂಗಾಪುರ ಅಣೆಕಟ್ಟಿನ ಹತ್ತಿರ ಅದರ ಕಟ್ಟಡ. ಆ ಸ್ಥಳಕ್ಕೆ 'ಜ್ಞಾನಗಂಗೋತ್ರಿ' ಎಂದು ಹೆಸರು. ನಮ್ಮ ಮೈಸೂರಿನ ಮಾನಸಗಂಗೋತ್ರಿಯ ತಂಗಿಯಂತೆ ಕೇಳಿಸಿತು. ಜ್ಞಾನಗಂಗೆ ಮನೆಮನೆಗೆ ಎಂಬುದು ಅವರ ಧ್ಯೇಯವಾಕ್ಯ. ನಮ್ಮ ಮನೆಗೆ ಆ ಗಂಗೆ ಅಂಚೆಯಣ್ಣನ ಚೀಲದಲ್ಲಿ ಬಂದಳು. ಮಗನನ್ನು ಮಲಗಿಸಿ, ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಹರಡಿಕೊಂಡು, ಮಧ್ಯೆ ಒಂದು ವರ್ಷ ತಪ್ಪಿಸಿಕೊಂಡು, 1997ರಲ್ಲಿ ಬಿ.ಎ. ಮುಗಿಸಿದೆ. ಆಮೇಲೆ ಇಪ್ಪತ್ತೈದು ವರ್ಷ ಅದರ ಮಾತೇ ಇಲ್ಲ.

2021ರಲ್ಲಿ ನಮ್ಮವರು ನಿವೃತ್ತರಾದರು. ಒಂದು ದಿನ ಚಹಾ ಕುಡಿಯುತ್ತ, "ನನ್ನ ಸರ್ವಿಸ್ ಮುಗೀತು. ಇನ್ನ ನಿನ್ನ ಸರ್ವಿಸ್ ಶುರು ಆಗ್ಲಿ. ಎಂ.ಎ. ಮಾಡು" ಎಂದರು. ತಮಾಷೆ ಎಂದುಕೊಂಡೆ. ಮರುದಿನ ಅರ್ಜಿ ತುಂಬುವ ವಿವರ ಬರೆದುಕೊಂಡೇ ಬಂದಿದ್ದರು. ಎಲ್ಲೋರದ ಇತಿಹಾಸ ಓದಬೇಕೆಂಬ ನನ್ನ ಹಳೆಯ ಹಂಬಲ ಅವರಿಗೆ ಗೊತ್ತಿತ್ತು. ಹಾಗಾಗಿ ಆಯ್ಕೆಯಾದದ್ದು ಸಂಭಾಜಿನಗರ. ಸೋಮವಾರ ನಸುಕಿನಲ್ಲಿ ಅವರು ಸ್ಕೂಟರಿನಲ್ಲಿ ನಿಫಾಡದವರೆಗೆ ಬಿಡುವುದು, ಅಲ್ಲಿಂದ ಯೇವಲಾ, ವೈಜಾಪುರದ ಮೇಲೆ ಎಸ್.ಟಿ. ಬಸ್ಸು, ವಾರವಿಡೀ ಬೇಗಂಪುರದಲ್ಲಿ ಒಬ್ಬ ಆಜಿಯ ಮನೆಯ ಬಾಡಿಗೆ ಕೋಣೆ, ಶುಕ್ರವಾರ ಸಂಜೆ ವಾಪಸು. 2023ರ ಮಾರ್ಚಿಯಲ್ಲಿ ಹೆಂಗಸರಿಗೆ ಎಸ್.ಟಿ.ಯಲ್ಲಿ ಅರ್ಧ ಟಿಕೆಟು ಮಾಡಿದಾಗ ನನ್ನಷ್ಟು ಹಿಗ್ಗಿದವರು ಯಾರೂ ಇರಲಿಕ್ಕಿಲ್ಲ. ಅದೇ ವರ್ಷ ಊರಿನ ಹೆಸರು ಔರಂಗಾಬಾದ್ ಹೋಗಿ ಛತ್ರಪತಿ ಸಂಭಾಜಿನಗರವಾಯಿತು. ಒಂದು ಊರಿನಲ್ಲಿ ಓದಲು ಸೇರಿ ಇನ್ನೊಂದು ಊರಿನಲ್ಲಿ ಪಾಸಾದವಳು ನಾನು.

ಇತ್ತ ನಮ್ಮವರ ವಿದ್ಯಾಭ್ಯಾಸವೂ ನಡೆದಿತ್ತು. ಮೊದಲ ತಿಂಗಳು ಅನ್ನಕ್ಕೆ ಎಷ್ಟು ನೀರು ಎಂದು ದಿನಾ ಫೋನು. ಎರಡನೆಯ ವರ್ಷಕ್ಕೆ ಭಕ್ಕರಿ ತಟ್ಟುವ ಮಟ್ಟಕ್ಕೆ ಬಂದರು. ಅವರಿಗೆ ಪದವಿ ಪ್ರದಾನ ಆಗಿಲ್ಲ, ಅಷ್ಟೇ.

ಇರಲಿ. ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ.

2019ರ ನಮ್ಮ ರಾಜ್ಯೋತ್ಸವದಲ್ಲಿ ನಾನು ಮಾಡಿದ ಭಾಷಣ ನಿಮಗೆ ನೆನಪಿರಬಹುದು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂದು 'ಕವಿರಾಜಮಾರ್ಗ'ವೇ ಹೇಳಿದೆ, ಆದ್ದರಿಂದ ಎಲ್ಲೋರ ನಮ್ಮದು. ಕೈಲಾಸವನ್ನು ಕಡೆದವರು ಕನ್ನಡದ ಶಿಲ್ಪಿಗಳು. ಅಷ್ಟೇಕೆ, ಎಲ್ಲೋರದಿಂದ ಅದೇ ರಸ್ತೆಯಲ್ಲಿ ಮುಂದೆ ಹೋದರೆ 'ಕನ್ನಡ' ಎಂಬ ತಾಲ್ಲೂಕು ಸ್ಥಳವೇ ಇದೆ, ಇನ್ನೇನು ಸಾಕ್ಷಿ ಬೇಕು ಎಂದು ಕೈಯೆತ್ತಿ ಕೇಳಿದ್ದೆ. ಚಪ್ಪಾಳೆಯೋ ಚಪ್ಪಾಳೆ. ಭಾಷಣ ಈ ಪತ್ರಿಕೆಯಲ್ಲೂ ಅಚ್ಚಾಯಿತು. ಅದೇ ಹುಮ್ಮಸ್ಸಿನಲ್ಲಿ ನಾನು ಎಂ.ಎ. ತರಗತಿಗೆ ಕಾಲಿಟ್ಟೆ.

ತರಗತಿಯಲ್ಲಿ ನನ್ನ ಮಗನಿಗಿಂತ ಚಿಕ್ಕ ಹುಡುಗ ಹುಡುಗಿಯರು. ಮೊದಲ ದಿನ ನಾನು ಒಳಗೆ ಬಂದಾಗ ಎಲ್ಲರೂ ಎದ್ದು ನಿಂತರು. ಪಾಠ ಹೇಳುವವಳು ಎಂದುಕೊಂಡಿದ್ದರು. ಕೊನೆಯ ಬೆಂಚಿಗೆ ಹೋಗಿ ಕುಳಿತಾಗ ನಕ್ಕರು. ಒಂದು ವಾರದಲ್ಲಿ ನಾನು ಎಲ್ಲರಿಗೂ 'ಕಾಕೂ' ಆದೆ.

ಮೂವತ್ತು ವರ್ಷ ಮಹಾರಾಷ್ಟ್ರದಲ್ಲಿ ಇದ್ದೇನೆ, ಬಿ.ಎ. ಕೂಡ ಇಲ್ಲೇ ಆಗಿದೆ, ಮರಾಠಿ ಬರುತ್ತದೆ ಎಂಬ ಜಂಬ ನನ್ನದು. ಆದರೆ ನನ್ನದು ಹೆಚ್ಚಾಗಿ ಕಾಯಿಪಲ್ಯೆ ಮಾರ್ಕೆಟ್ಟಿನ ಮರಾಠಿ. ಕೊನೆಯ ಸೆಮಿಸ್ಟರಿನಲ್ಲಿ ಒಂದು 'ಲಘುಪ್ರಬಂಧ' ಬರೆಯಬೇಕು ಎಂದಾಗ ನನಗೆ ಖುಷಿಯೋ ಖುಷಿ. ನಮ್ಮಲ್ಲಿ ಪ್ರಬಂಧ ಎಂದರೆ ಶಾಲೆಯ ಮಕ್ಕಳೂ ಬರೆಯುತ್ತಾರೆ, ಅದರಲ್ಲೂ ಲಘು! ಹಸುವಿನ ಮೇಲೊಂದು ಪ್ರಬಂಧ ಬರೆದಂತೆ ಎರಡು ಪುಟದಲ್ಲಿ ಮುಗಿಸಬಹುದು ಎಂದು ಲೆಕ್ಕ ಹಾಕಿದೆ. ಮರಾಠಿಯಲ್ಲಿ ಶಾಲೆಯ ಮಕ್ಕಳು ಬರೆಯುವುದು 'ನಿಬಂಧ'. 'ಪ್ರಬಂಧ' ಎಂದರೆ ಸಂಶೋಧನೆಯ ಗ್ರಂಥವಂತೆ. ಎರಡು ಪುಟ ಎಂದುಕೊಂಡದ್ದು ಕೊನೆಗೆ ಎಪ್ಪತ್ತು ಪುಟವಾಯಿತು.

ಆದರೆ ನನ್ನನ್ನು ನಿಜವಾಗಿ ಕಾಡಿದ್ದು ಬೇರೆ ಶಬ್ದ. ಮೊದಲ ಸೆಮಿಸ್ಟರಿನಲ್ಲಿ ಎಲ್ಲೋರದ ಮೇಲೆ ಒಂದು ಬರಹ ಒಪ್ಪಿಸಬೇಕಾಗಿತ್ತು. ನನ್ನ ರಾಜ್ಯೋತ್ಸವದ ಭಾಷಣವನ್ನೇ ಮರಾಠಿಗೆ ಇಳಿಸಿ, ನಾಲ್ಕು ವಿಶೇಷಣ ಸೇರಿಸಿ ಕೊಟ್ಟೆ. ತಿರುಗಿ ಬಂದ ಕಾಗದದ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಒಂದೇ ಶಬ್ದ, ಏಳು ಕಡೆ: 'ಪುರಾವಾ?' ನಮ್ಮ ಪುರಾವೆಯೇ. ಅನುವಾದ ಬೇಕಾಗಲಿಲ್ಲ. ಅರ್ಥವಾಗುವ ಶಬ್ದವಾದ್ದರಿಂದಲೇ ಹೆಚ್ಚು ನೋವಾಯಿತು.

ಗುರುಗಳ ಬಳಿ ಹೋದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಮರ್ಯಾದೆಯಿಂದ ಕುರ್ಚಿ ತೋರಿಸಿ, ಗೋಡೆಯ ನಕಾಶೆಯ ಕಡೆ ಕೈಮಾಡಿ, "ಮ್ಯಾಡಮ್, ಗೋದಾವರಿ ಎಲ್ಲಿದೆ ತೋರಿಸಿ" ಎಂದರು. ನಾಸಿಕದಿಂದ ಪೈಠಣದವರೆಗೆ ಬೆರಳಾಡಿಸಿದೆ. "ಈಗ ಎಲ್ಲೋರ?" ಬೆರಳು ಅಲ್ಲೇ ನಿಂತಿತು. ಪೈಠಣ ಸಂಭಾಜಿನಗರದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರು. ಎಲ್ಲೋರ ನಗರದ ವಾಯವ್ಯಕ್ಕೆ ಸುಮಾರು 30 ಕಿಲೋಮೀಟರು. ಅಂದರೆ ಎಲ್ಲೋರ ಇರುವುದು ಗೋದಾವರಿಯ ಆಚೆ ದಂಡೆಗೆ! 'ಕವಿರಾಜಮಾರ್ಗ' ಹೇಳುವ ಗಡಿಯನ್ನೇ ಹಿಡಿದರೆ ಅದು ಕನ್ನಡ ನಾಡಿನ ಹೊರಗೆ ಉಳಿಯುತ್ತದೆ. ನಾನು ಸಾಕ್ಷಿಗೆ ಕರೆದ ಗ್ರಂಥವೇ ನನ್ನ ವಿರುದ್ಧ ಸಾಕ್ಷಿ ಹೇಳಿತು.

ಅಷ್ಟೇ ಅಲ್ಲ, ನಮ್ಮ ಓಝರ್ ಕೂಡ ಗೋದಾವರಿಯ ಉತ್ತರಕ್ಕೇ ಇದೆ. ನಿಫಾಡದಿಂದ ಸಂಭಾಜಿನಗರದವರೆಗೆ ನನ್ನ ಬಸ್ಸು ಆ ನದಿಯನ್ನು ಒಮ್ಮೆಯೂ ದಾಟುವುದಿಲ್ಲ. ವಾರಕ್ಕೆರಡು ಸಲ ಓಡಾಡುತ್ತಿದ್ದವಳು ಕಿಟಕಿಯಿಂದ ಹೊರಗೆ ನೋಡಿದ್ದರೂ ಸಾಕಿತ್ತು. ಹೊಳೆ ಎಲ್ಲಿದೆ ಎಂದು ನೋಡದೆ ಹೊಳೆಯ ಮೇಲೆ ಹಕ್ಕು ಹೇಳಿದ್ದೆ.

ಅಂದು ರಾತ್ರಿ ಆಜಿಯ ಮನೆಯಲ್ಲಿ ಊಟ ಸೇರಲಿಲ್ಲ. ಓದು ಬಿಟ್ಟು ಮನೆಗೆ ಹೋಗಿಬಿಡೋಣ ಅನ್ನಿಸಿತು. ನಮ್ಮವರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ವಿಮಾನದ ಕಾರ್ಖಾನೆಯಲ್ಲಿ ತಪಾಸಣೆಯ ವಿಭಾಗದಲ್ಲಿದ್ದವರು. "ಅಳತಿ ತಪ್ಪಿದ ಭಾಗ ನಾವು ತಿರುಗಿ ಕಳಸ್ತಿದ್ವಿ. ಕಳಿಸಿದ್ದಕ್ಕ ಯಾರೂ ಅತ್ತಿದ್ದು ನೋಡಿಲ್ಲ. ಸರಿ ಮಾಡಿ ಮತ್ತ ಕೊಡ್ತಿದ್ರು" ಎಂದರು. ನಾನೂ ಮತ್ತೆ ಬರೆದುಕೊಟ್ಟೆ.

ಆಗ ತಿಳಿದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಕೈಲಾಸವನ್ನು ಎಂಟನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣ ಮಾಡಿಸಿದ ಎನ್ನುವುದಕ್ಕೆ ಮುಖ್ಯ ಆಧಾರ ಬರೋಡಾದಲ್ಲಿ ದೊರೆತ ಒಂದು ತಾಮ್ರಪಟ. ಅದು ಕ್ರಿ.ಶ. 812ರದು, ಸಂಸ್ಕೃತದಲ್ಲಿದೆ. ಎಲಾಪುರದಲ್ಲಿ ಕೃಷ್ಣರಾಜ ಮಾಡಿಸಿದ ಗುಡಿಯನ್ನು ಕಂಡು, ಕಡೆದ ಶಿಲ್ಪಿಯೇ ಇದನ್ನು ತಾನು ಹೇಗೆ ಮಾಡಿದೆನೋ ಎಂದು ಬೆರಗಾದ ಎಂಬ ವರ್ಣನೆ ಅದರಲ್ಲಿದೆ. ಆದರೆ ಆ ಶಿಲ್ಪಿಯ ಹೆಸರಿಲ್ಲ, ಊರಿಲ್ಲ, ಭಾಷೆಯಿಲ್ಲ. ಸುಮಾರು 740ರ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕೈಲಾಸಕ್ಕೆ ಮಾದರಿಯಾಗಿತ್ತು ಎಂದು ವಿದ್ವಾಂಸರು ಹೇಳುತ್ತಾರೆ. ಅಲ್ಲಿಯ ಕನ್ನಡ ಶಾಸನದಲ್ಲಿ ಅದರ ಶಿಲ್ಪಿ ಗುಂಡನ ಹೆಸರಿದೆ. ಅದನ್ನು ಧೈರ್ಯವಾಗಿ ಹೇಳಬಹುದು. ಅಲ್ಲಿಂದ ಹಾರಿ 'ಕೈಲಾಸ ಕಡೆದವರು ಕನ್ನಡಿಗರು' ಎಂದರೆ ನಡುವೆ ಸೇತುವೆ ಇಲ್ಲ. ಇನ್ನು 'ಕನ್ನಡ' ಊರು. ಹೆಸರು ಕೂಡಿದ ಮಾತ್ರಕ್ಕೆ ನೆಂಟಸ್ತಿಕೆ ಹೇಳಿಕೊಂಡು ಊಟಕ್ಕೆ ಕೂರುವಂತಿಲ್ಲ.

ಕೆಂಪು ಪೆನ್ನು ನನಗೊಬ್ಬಳಿಗೇ ಮೀಸಲಾಗಿರಲಿಲ್ಲ ಎಂದೂ ಹೇಳಬೇಕು. ಮರಾಠಿಯಲ್ಲಿ ಒಂದು ಹಳೆಯ ಕಥೆ ಇದೆ. ಗುಡಿಯ ಶಿಖರ ಕಾಣುವವರೆಗೆ ಉಣ್ಣುವುದಿಲ್ಲ ಎಂದು ರಾಣಿ ಹರಕೆ ಹೊತ್ತಳಂತೆ. ಪೈಠಣದ ಕೋಕಸ ಎಂಬ ಶಿಲ್ಪಿ ಮೇಲಿನಿಂದಲೇ ಕಡೆಯಲು ಶುರುಮಾಡಿ ಬೇಗನೆ ಶಿಖರ ತೋರಿಸಿದನಂತೆ. ಪೈಠಣದ ಕಡೆಯ ಸಹಪಾಠಿಯೊಬ್ಬ ಅದನ್ನೇ ಇತಿಹಾಸವೆಂದು ಬರೆದಿದ್ದ. ಗುಡಿಯಾಗಿ ಎಷ್ಟೋ ಶತಮಾನಗಳ ನಂತರ ಬರೆದಿಟ್ಟ ಕಥೆ ಅದು. ಅವನ ಕಾಗದದಲ್ಲೂ 'ಪುರಾವಾ?' ಇಬ್ಬರೂ ಕ್ಯಾಂಟೀನಿನಲ್ಲಿ ಕುಳಿತು ನಮ್ಮ ನಮ್ಮ ಕೆಂಪು ಗುರುತು ಎಣಿಸಿ ಚಹಾ ಕುಡಿದೆವು. ನನ್ನವು ಎರಡು ಹೆಚ್ಚು.

ಎರಡನೆಯ ವರ್ಷ ಎಲ್ಲರೂ ಸೇರಿ ಎಲ್ಲೋರಕ್ಕೆ ಹೋದೆವು. 'ಕನ್ನಡ' ಎಂಬ ಫಲಕದ ಬಸ್ಸಿನಲ್ಲೇ! ನನ್ನ ಪಕ್ಕದಲ್ಲಿ ಕುಳಿತವಳು ವಡಾರ ಸಮಾಜದ ಹುಡುಗಿ. ನಮ್ಮ ಕಡೆ ಭೋವಿ ಎನ್ನುತ್ತೇವಲ್ಲ, ಅವರು. ತಂದೆ ಕಲ್ಲು ಒಡೆಯುವವರು. ಮನೆಯಲ್ಲಿ ಆಡುವುದು ತೆಲುಗಿಗೆ ಹತ್ತಿರವಾದ ಮಾತು. ಮನೆಯಲ್ಲಿ ಕಾಲೇಜಿಗೆ ಬಂದವಳು ಇವಳೇ ಮೊದಲು. ಕೈಲಾಸದ ಅಂಗಳದಲ್ಲಿ ಸುಮಾರು 30 ಮೀಟರು ಆಳಕ್ಕೆ ಇಳಿದ ಆ ಕರಿಕಲ್ಲಿನ ಗೋಡೆಯನ್ನು ನಾವೆಲ್ಲ ತಲೆಯೆತ್ತಿ ನೋಡುತ್ತಿದ್ದರೆ ಅವಳು ಬಗ್ಗಿ ಉಳಿಯ ಗೆರೆಗಳನ್ನು ಬೆರಳಿನಿಂದ ಮುಟ್ಟುತ್ತಿದ್ದಳು.

"ಕಾಕೂ, ಈ ಕಲ್ಲಿಗೆ ಉಳಿ ಎಷ್ಟು ಬೇಗ ಮೊಂಡಾಗ್ತದೆ ಗೊತ್ತಾ? ನಮ್ಮಪ್ಪ ದಿನಕ್ಕೆ ಎಷ್ಟೋ ಸಲ ಕುಲುಮೆಗೆ ಹಾಕಿ ಮೊನೆ ಬಡಿದು ನೀರಿಗೆ ಅದ್ದುತ್ತಾರೆ. ತಿದಿ ಊದೋಳು ನಮ್ಮವ್ವ. ಇಲ್ಲಿ ಎಷ್ಟು ಕುಲುಮೆ ಇದ್ದಿರಬೇಕು? ಇದ್ದಲು ಯಾರು ತಂದರು? ತಿದಿ ಯಾರು ಊದಿದರು? ನೀವು ಕನ್ನಡದವರು ಮಾಡಿದ್ರು ಅಂತೀರಿ, ಅವನು ಪೈಠಣದವರು ಮಾಡಿದ್ರು ಅಂತಾನೆ. ಇವರು ಮನೆಯಲ್ಲಿ ಯಾವ ಮಾತು ಆಡ್ತಿದ್ರು ಅಂತ ಯಾರಾದ್ರೂ ಕೇಳಿದ್ರಾ?"

ನನಗೆ ಉತ್ತರ ತೋಚಲಿಲ್ಲ. ಎಲ್ಲೋರಕ್ಕೆ ನಾನು ಅದಕ್ಕೂ ಮುಂಚೆ ಹತ್ತು ಸಲವಾದರೂ ಹೋಗಿದ್ದೆ. ಊರಿನಿಂದ ಬಂದ ನೆಂಟರಿಗೆಲ್ಲ ತೋರಿಸಿದ್ದೆ. ಒಮ್ಮೆಯೂ ಆ ಗೆರೆಗಳನ್ನು ನೋಡಿರಲಿಲ್ಲ. ದೊರೆಯ ಹೆಸರು ನನಗೆ ಬಾಯಿಪಾಠ. ತಿದಿ ಊದಿದವಳ ಯೋಚನೆ ಬಂದದ್ದು ಅಂದೇ.

ಹೆಸರಿನ ಬೆಲೆ ಏನು ಎಂಬುದನ್ನು ಆ ವಿಶ್ವವಿದ್ಯಾಲಯದ ಹೆಬ್ಬಾಗಿಲೂ ನನಗೆ ಕಲಿಸಿತು. ಅಂಬೇಡ್ಕರರು 1950ರಲ್ಲಿ ಈ ಊರಿನಲ್ಲಿ ಕಾಲೇಜು ತೆರೆದರು. ಅದೇ ಮುಂದೆ ಮಿಲಿಂದ ಮಹಾವಿದ್ಯಾಲಯವೆಂದು ಹೆಸರಾಯಿತು. ಮರಾಠವಾಡಾ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1958ರ ಆಗಸ್ಟ್ 23ರಂದು. ಅದಕ್ಕೆ ಅಂಬೇಡ್ಕರರ ಹೆಸರಿಡಬೇಕೆಂದು 1978ರಲ್ಲಿ ವಿಧಾನಮಂಡಲ ಒಪ್ಪಿತು. ಗಲಭೆಗಳಾದವು, ಜೀವಗಳು ಹೋದವು. ಹೆಸರು ಬಂದದ್ದು 1994ರ ಜನವರಿ 14ರಂದು, 16 ವರ್ಷದ ಮೇಲೆ. ಇಂದಿಗೂ ಪ್ರತಿವರ್ಷ ಆ ದಿನ ಹಳ್ಳಿಹಳ್ಳಿಗಳಿಂದ ಜನ ಬಂದು ಆ ಬಾಗಿಲಿಗೆ ನಮಸ್ಕರಿಸುತ್ತಾರೆ. ಓದು ಬಾರದ ಒಬ್ಬ ಮುದುಕಿ, ಮೊಮ್ಮಗಳ ಕೈ ಹಿಡಿದು, ಬಾಗಿಲಿನ ಅಕ್ಷರಗಳನ್ನು ಒಂದೊಂದಾಗಿ ಓದಿಸಿಕೊಳ್ಳುತ್ತಿದ್ದುದನ್ನು ನಾನು ಕಂಡೆ. 1988ರಲ್ಲಿ ಟ್ರಂಕು ಸೇರಿದ ನನ್ನ ಪುಸ್ತಕಗಳನ್ನು ನೆನೆದು ಮರುಗುತ್ತಿದ್ದವಳು ನಾನು. ಆ ಮುದುಕಿಗೆ ಟ್ರಂಕಿನಲ್ಲಿಡಲು ಪುಸ್ತಕವೇ ಇರಲಿಲ್ಲ.

ಈ ಓದಿನಿಂದ ಕನ್ನಡದ ಅಭಿಮಾನ ಕರಗಿತೇನು ಎಂದು ನೀವು ಕೇಳಬಹುದು. ಕರಗಲಿಲ್ಲ. ಪುರಾವೆ ಕೇಳುವ ಅಭ್ಯಾಸ ಕಿತ್ತುಕೊಳ್ಳುವಷ್ಟೇ ಕೊಡುತ್ತದೆ. ಗೋದಾವರಿಯ ಬಹುದೂರ ಉತ್ತರಕ್ಕೆ, ಮಧ್ಯಪ್ರದೇಶದ ಜುರಾ ಎಂಬಲ್ಲಿ, ರಾಷ್ಟ್ರಕೂಟರ ಮೂರನೆಯ ಕೃಷ್ಣನನ್ನು ಹೊಗಳುವ ಕನ್ನಡ ಶಾಸನ ಸಿಕ್ಕಿದೆ. ನನ್ನ ಭಾಷಣದ ಗಡಿಗಿಂತ ಎಷ್ಟೋ ಆಚೆ! ಅದು ನನಗೆ ಗೊತ್ತೇ ಇರಲಿಲ್ಲ. ಎಲ್ಲೋರದಲ್ಲಿಯೂ, ಕೈಲಾಸದ ಗದ್ದಲ ಬಿಟ್ಟು ಉತ್ತರದ ತುದಿಯ ಜೈನ ಗುಹೆಗಳಿಗೆ ಹೋದರೆ, ಜಗನ್ನಾಥ ಸಭೆ ಎನ್ನುವ 33ನೆಯ ಗುಹೆಯ ಕಂಬಗಳ ಮೇಲೆ ಹಳಗನ್ನಡದ ಕೆಲವು ಸವೆದ ಬರಹಗಳಿವೆ. ಬ್ಯಾಟರಿ ಬಿಟ್ಟು ನೋಡುತ್ತ ನಿಂತೆ. ಪೂರ್ತಿ ಓದಲಾಗಲಿಲ್ಲ. ಆದರೆ ಕಣ್ಣು ತುಂಬಿ ಬಂತು.

ಈ ಲೇನಾದೇನಾ ಒಂದೇ ಕಡೆಯದಲ್ಲ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ, ಚಾವುಂಡರಾಯ ಮಾಡಿಸಿದ ಎಂಬ ಮಾತು ಕನ್ನಡ, ತಮಿಳುಗಳ ಜೊತೆಗೆ ಮರಾಠಿಯಲ್ಲೂ ಇದೆ. ಮರಾಠಿಯ ತೀರ ಹಳೆಯ ಬರಹಗಳಲ್ಲಿ ಅದೊಂದು. ಅವರ ಹಳೆಯ ಅಕ್ಷರ ನಮ್ಮ ಬೆಟ್ಟದ ಮೇಲೆ, ನಮ್ಮ ಹಳೆಯ ಅಕ್ಷರ ಅವರ ಗುಹೆಯಲ್ಲಿ. ಎರಡನ್ನೂ ಯಾರೂ ಅಳಿಸಲಿಲ್ಲ. ಆಜಿಗೆ ಇದನ್ನು ಹೇಳಿದಾಗ, ಅಡಿಕೆ ಕತ್ತರಿಸುತ್ತಿದ್ದವರು ಕೈಯಲ್ಲಿದ್ದ ಅಡಕಿತ್ತಾ ಎತ್ತಿ ತೋರಿಸಿ, "ಇದೂ ನಿಮ್ಮ ಕಡೆಯದೇ ಅಂತ ನಮ್ಮ ಯಜಮಾನರು ಹೇಳ್ತಿದ್ರು" ಎಂದು ನಕ್ಕರು.

2024ರ ನಮ್ಮ ರಾಜ್ಯೋತ್ಸವದಲ್ಲಿ ಎರಡು ಮಾತಾಡಿ ಎಂದು ಕರೆದಾಗ ಹಳೆಯ ಭಾಷಣದ ತಪ್ಪುಗಳನ್ನು ಒಂದೊಂದಾಗಿ ಹೇಳಿದೆ. ಚಪ್ಪಾಳೆ ಕಡಿಮೆಯಾಯಿತು. ನಾನು ಬಹಳ ಗೌರವಿಸುವ ಹಿರಿಯರೊಬ್ಬರು ಆಮೇಲೆ ಬಂದು, "ಏನವಾ, ಪರಊರಾಗ ಇದ್ದು ನಮ್ಮದು ಅಂತ ಹೇಳ್ಕೊಳ್ಳಾಕೂ ಹೆದರಬೇಕೇನು?" ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. "ಹೆದರಿಕಿ ಅಲ್ರಿ ಕಾಕಾ. ನಾಳೆ ನಮ್ಮ ಮಕ್ಕಳು ಇದನ್ನ ಹೇಳಿದಾಗ ಯಾರಾದ್ರೂ ನಕಾಶಿ ತೋರಿಸಿದ್ರ ಅವರ ಬಾಯಿ ಕಟ್ಟಬಾರದು" ಎಂದೆ. ಅವರು ಒಪ್ಪಿದರೋ ಇಲ್ಲವೋ ತಿಳಿಯದು. ಆದರೆ ಮುಂದಿನ ವಾರ ಫೋನು ಮಾಡಿ, "ಆ ಮಧ್ಯಪ್ರದೇಶದ ಶಾಸನದ ಊರು ಏನಂದಿ? ಬರಕೋತೀನಿ" ಎಂದು ಕೇಳಿದರು. ನನಗೆ ಅಷ್ಟು ಸಾಕು.

ಭಾಷಣ ಅಚ್ಚಾದದ್ದು ಈ ಪತ್ರಿಕೆಯಲ್ಲಿ. ಆದ್ದರಿಂದ ತಿದ್ದುಪಡಿಯೂ ಇಲ್ಲೇ ಅಚ್ಚಾಗಬೇಕು. ಎಲ್ಲೋರ ಗೋದಾವರಿಯ ಉತ್ತರಕ್ಕಿದೆ. ಕೈಲಾಸದ ಶಿಲ್ಪಿಗಳು ಯಾರೆಂದು ಹೇಳುವ ಬರಹ ಸಿಕ್ಕಿಲ್ಲ. ಆ ಎರಡು ಮಾತನ್ನು ಹಿಂದಕ್ಕೆ ಪಡೆದಿದ್ದೇನೆ. ದಯವಿಟ್ಟು ಹಳೆಯ ಸಂಚಿಕೆ ಇಟ್ಟುಕೊಂಡವರು ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ಕೆಂಪು ಪೆನ್ನಾದರೂ ಅಡ್ಡಿಯಿಲ್ಲ.

ಎಂ.ಎ. ಮಾಡಿ ಏನು ಸಿಕ್ಕಿತು ಎಂದು ಕೇಳುವವರಿದ್ದಾರೆ. ನೌಕರಿ ಸಿಗಲಿಲ್ಲ, ಅದರ ವಯಸ್ಸೂ ಅಲ್ಲ. ಮೊದಲು ಯಾರಾದರೂ ಏನಾದರೂ ಕೇಳಿದರೆ ಥಟ್ಟನೆ ಉತ್ತರ ಹೇಳುತ್ತಿದ್ದೆ. ಈಗ "ನೋಡಿ ಹೇಳ್ತೀನಿ" ಎನ್ನುತ್ತೇನೆ. ಮನೆಯಲ್ಲಿಯೂ ಅಷ್ಟೇ. ನಮ್ಮವರ ಜೊತೆ ವಾದ ಬಂದಾಗ ಇಬ್ಬರೂ ಒಟ್ಟಿಗೆ 'ಪುರಾವಾ?' ಎನ್ನುತ್ತೇವೆ. ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ನಿಮ್ಮಲ್ಲಿ ಎಷ್ಟು ಜನ ತಾಯಂದಿರ ಟ್ರಂಕಿನಲ್ಲಿ ಅರ್ಧಕ್ಕೆ ನಿಂತ ಓದಿನ ಪುಸ್ತಕಗಳಿವೆಯೋ ನನಗೆ ಗೊತ್ತಿಲ್ಲ. ಇದ್ದರೆ ಒಮ್ಮೆ ಹೊರತೆಗೆದು ಬಿಸಿಲಿಗಿಡಿ. ಅರ್ಜಿ ತುಂಬುವುದು, ಬಸ್ಸಿನ ವೇಳೆ, ಬಾಡಿಗೆ ಕೋಣೆ, ಇವುಗಳ ಬಗ್ಗೆ ಕೇಳಬೇಕೆಂದರೆ ಓಝರ್‌ನ ನಮ್ಮ ಮನೆಗೆ ಬನ್ನಿ. ಚಹಾ ನಾನು ಮಾಡುತ್ತೇನೆ. ಭಕ್ಕರಿ ಮಾತ್ರ ನಮ್ಮವರೇ ತಟ್ಟುವುದು.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಇನ್ನು ಅಂಕಣ ತಪ್ಪುವುದಿಲ್ಲ.